ಚೊಚ್ಚಲ ಬಾಣಂತನಕ್ಕೆ ಹೋಗಿಬಂದ ರಹಮತ್ ಬಿ

ರಹಮತ್ ಬಿ ಯಾವ ಹೆಂಗಸನ್ನು ಕಂಡರೂ ಮುಖ ನೋಡುವ ಮೊದಲು ಕೈ ನೋಡುತ್ತಿದ್ದಳು. ಬಳೆಗಾರ್ತಿ ಅಂದಮೇಲೆ ಇನ್ನೇನು ನೋಡಿಯಾಳು ಅನ್ನಿ! ಹಗ್ಗಕ್ಕೆ ಪೋಣಿಸಿದ ಬಳೆಯ ಹೊರೆಗೆ ಮಲಾರ ಅನ್ನುತ್ತಾರೆ. ಆ ಮಲಾರವನ್ನು ಹೆಗಲಿಗೇರಿಸಿ ಅವಳು ಶಿರಾದಿಂದ ಬಡವನಹಳ್ಳಿ, ದೊಡ್ಡೇರಿ, ಮಿಡಿಗೇಶಿ ಅಂತ ಸುತ್ತು ಹೊರಟಳೆಂದರೆ, ಜಗಲಿಯ ಮೇಲೆ ಕೂತವಳು ಬಾಯಿ ಬಿಡುವ ಮುಂಚೆಯೇ ಆ ಮನೆಯ ಸುದ್ದಿ ಅವಳಿಗೆ ತಿಳಿದುಬಿಡುತ್ತಿತ್ತು. ಕೈ ತುಂಬ ಹೊಸ ಬಳೆಯಿದ್ದರೆ ಮನೆಯಲ್ಲಿ ಶುಭಕಾರ್ಯ. ಒಂದೋ ಎರಡೋ ಉಳಿದಿದ್ದರೆ ಕೆಲಸ ಜಾಸ್ತಿ, ಇಲ್ಲವೇ ಗಂಡನ ಕೈ ಜೋರು. ಬರಿಗೈ ಕಂಡರೆ ಮಾತ್ರ ಮಾತಿಲ್ಲದೆ ಮಲಾರ ಇಳಿಸಿ, ಆ ಹೆಂಗಸಿನ ಪಕ್ಕ ಒಂದು ಗಳಿಗೆ ಕೂತು ಎದ್ದು ಬರುತ್ತಿದ್ದಳು. ಅವಳದೂ ಬರಿಗೈಯೇ. ಗಂಡ ಬಾಷಾ ಸಾಬ್ ಮಣ್ಣಾದ ದಿನ ಕಳಚಿದ ಬಳೆ ಮತ್ತೆ ಏರಿರಲಿಲ್ಲ.

ರಾಜ್ಯಗಳು ಬಂದದ್ದು, ಹೋದದ್ದು ಅವಳಿಗೆ ಬಳೆಯಲ್ಲೇ ಗೊತ್ತು. ಲಂಡನ್ನಿನಲ್ಲಿ ದೊರೆಗೆ ಪಟ್ಟವಾದ ವರ್ಷ ಬಂದ ಕೆಂಪು ಬಳೆಗೆ ಹೆಂಗಸರು ಪಟ್ಟದ ಬಳೆ ಅಂದರು. ಯುದ್ಧ ಹತ್ತಿಕೊಂಡಾಗ ಜಪಾನಿನ ಬಳೆ ನಿಂತುಹೋಗಿ, ಒಂದು ಡಜನ್ನಿಗೆ ಅತ್ತೆ ಸೊಸೆ ಜುಟ್ಟು ಹಿಡಿದುಕೊಂಡರು. ನಲವತ್ತೇಳರಲ್ಲಿ ಸ್ವರಾಜ್ಯ ಬಂದಾಗ ಕೇಸರಿ, ಬಿಳಿ, ಹಸಿರು ಸೇರಿಸಿ ಪೋಣಿಸಿಕೊಂಡು ದೊಡ್ಡೇರಿಗೆ ಹೋದವಳು ರಹಮತ್ ಬಿಯೇ. ಅಲ್ಲಿ ಅವಳ ಗೆಳತಿ ಚಿಕ್ಕಹನುಮಕ್ಕ, ಬಾಯಿ ಜೋರು, ಮನಸ್ಸು ಬೆಣ್ಣೆ, ಬಿಳಿ ಬಳೆ ಕಂಡದ್ದೇ ಹೌಹಾರಿದಳು.

"ಥೂ, ತೆಗಿಯೇ ಬೂಬಮ್ಮ! ಮುತ್ತೈದೆ ಕೈಗೆ ಬಿಳೀ ಬಳೆ ತೊಡುಸ್ತೀಯಾ?"

"ಸುಮ್ಕಿರಕ್ಕ. ಇದು ಸ್ವರಾಜ್ಯದ್ ಬಳೆ. ಬಾವುಟದಾಗೆ ಐತೋ ಇಲ್ವೋ ಬಿಳೀದು? ನಿನ್ ಗಂಡ ನೂರು ವರ್ಸ ಬಾಳ್ತಾನೆ, ಕೈ ಕೊಡು!"

ನಕ್ಕು ನಕ್ಕು ತೊಡಿಸಿಕೊಂಡಳು ಚಿಕ್ಕಹನುಮಕ್ಕ. ಸಂಜೆಯ ಹೊತ್ತಿಗೆ ಮಲಾರ ಬರಿದಾಗಿತ್ತು. ಆ ಸ್ವರಾಜ್ಯ ತನ್ನ ಹೊಟ್ಟೆಯ ಮೇಲೇ ಗೆರೆ ಎಳೆದಿದೆ ಅನ್ನೋದು ಮಾತ್ರ ಆವತ್ತು ರಹಮತ್ ಬಿಗೆ ಗೊತ್ತಿರಲಿಲ್ಲ.

ಗೆರೆಯ ಕತೆ ಇಷ್ಟೇ. ರಹಮತ್ ಬಿಗೆ ಇದ್ದವಳು ಒಬ್ಬಳೇ ಮಗಳು, ಅಮೀರುನ್ನೀಸಾ. ಅವಳನ್ನು ಕೊಟ್ಟಿದ್ದದ್ದು ಬೆಂಗಳೂರು ದಂಡಿನ ಲಿಯಾಕತ್ ಅಲಿಗೆ. ಬ್ರಿಟಿಷರ ಫೌಜಿನ ವರ್ಕ್‌ಶಾಪಿನಲ್ಲಿ ಫಿಟ್ಟರ್ ಅವನು. ಮದುವೆಯಾದ ವರ್ಷವೇ ಅವನನ್ನು ಕರಾಚಿಗೆ ವರ್ಗ ಮಾಡಿದರು. ಕರಾಚಿ ಅಂದರೆ ಆಗ ಬೊಂಬಾಯಿಯ ಆಚೆಯ ಒಂದು ಊರು, ಅಷ್ಟೇ. ಗಂಡನ ಹಿಂದೆ ಹೆಂಡತಿ ಹೋದಳು. ಮಾರನೇ ವರ್ಷ ದೊಡ್ಡವರೆಲ್ಲ ಕೂತು ನಕ್ಷೆಯ ಮೇಲೆ ಗೆರೆ ಎಳೆದರು, ಕರಾಚಿ ಆ ಕಡೆ ಬಿತ್ತು. ನೌಕರಿ ಎಲ್ಲಿತ್ತೋ ಲಿಯಾಕತ್ ಅಲ್ಲೇ ಉಳಿದ. ಗೆರೆ ಎಳೆದವರು ಕೈ ತೊಳೆದುಕೊಂಡು ಹಡಗು ಹತ್ತಿದರು. ಇಲ್ಲಿ ಶಿರಾದ ಒಬ್ಬ ತಾಯಿಗೆ ಮಗಳ ಮುಖ ಕಾಣದೆ ಎಂಟು ವರ್ಷ ಕಳೆಯಿತು. ಅವರಿಗೇನು ಗೊತ್ತಾಗಬೇಕು!

ಐವತ್ತೈದರಲ್ಲಿ ಮಗಳಿಂದ ಕಾಗದ ಬಂತು: ಬಸುರಿ. ಉರ್ದು ಶಾಲೆಯ ಮೇಷ್ಟ್ರು ನಿಯಾಜ್ ಅಹಮದ್ ಓದಿ ಹೇಳಿದಾಗ ರಹಮತ್ ಬಿ ಕೂತಲ್ಲೇ ಅತ್ತುಬಿಟ್ಟಳು. ಆಮೇಲೆ ಎದ್ದು ಸೆರಗು ಬಿಗಿದಳು. ಚೊಚ್ಚಲ ಬಾಣಂತನ ತವರಿನ ಹಕ್ಕು. ಹಿಂದೂಗಳಾಗಲಿ, ಸಾಬರಾಗಲಿ, ಈ ಸೀಮೆಯಲ್ಲಿ ಅದಕ್ಕೆ ಎರಡು ಮಾತಿಲ್ಲ. ಮೊದಲ ಹೆರಿಗೆಗೆ ಮಗಳನ್ನು ಕರೆಸಿಕೊಳ್ಳದ ತಾಯಿ ಊರಲ್ಲಿ ತಲೆಯೆತ್ತಿ ತಿರುಗುವ ಹಾಗಿಲ್ಲ. ಆದರೆ ತುಂಬು ಬಸುರಿ ಹಡಗು ಹತ್ತುವುದುಂಟೇ?

"ಮಗಳು ತವರಿಗೆ ಬರಾಕಾಗ್ದಿದ್ರೆ ತವರೇ ಮಗಳತ್ರ ಹೋಗ್ತದೆ" ಅಂದಳು ರಹಮತ್ ಬಿ.

ಒಣಕೊಬ್ಬರಿ, ಬೆಲ್ಲ, ಮೆಂತ್ಯ, ಬಾಣಂತಿ ಮದ್ದು, ಮಗಳ ಅಳತೆಯ ಎರಡು ಡಜನ್ ಹಸಿರು ಬಳೆ ಕಟ್ಟಿಕೊಂಡು, ಮೇಷ್ಟ್ರು ಓಡಾಡಿ ಮಾಡಿಸಿಕೊಟ್ಟ ಕಾಗದಪತ್ರ ಹಿಡಿದು ಬೊಂಬಾಯಿಯಲ್ಲಿ ಹಡಗು ಹತ್ತಿದಳು. ಮಧುಗಿರಿ ಗುಡ್ಡ ಮರೆಯಾದರೆ ದಾರಿ ತಪ್ಪುತ್ತಿದ್ದವಳು ಸಮುದ್ರ ದಾಟಿದಳು ಅಂದರೆ ತಾಯಿಕರುಳಿನ ಧೈರ್ಯ ಎಂಥದ್ದು ನೋಡಿ.

ಹೆಣ್ಣು ಕೂಸು ಹುಟ್ಟಿತು, ಇಲಿಮರಿಯಷ್ಟು. ಬಾಣಂತಿಗೆ ಜ್ವರ ಹಿಡಿದು ಬಿಡಲಿಲ್ಲ. ಮೂರು ತಿಂಗಳಿಗೆ ಹೋದವಳು ಒಂದು ವರ್ಷ ನಿಂತಳು. ಕೂಸು ಮಗ್ಗುಲಾಯಿತು, ಕೂತಿತು, ಅಜ್ಜಿಯ ಬರಿಗೈ ಹಿಡಿದು ನಿಂತಿತು. ಅಷ್ಟರಲ್ಲಿ ಬರುವಾಗ ತಂದಿದ್ದ ಕಾಗದದ ವಾಯಿದೆ ಮುಗಿದಿತ್ತು. ಅಳಿಯ ಕಚೇರಿಗಳಿಗೆ ಅಲೆದು ಒಂದು ಹಸಿರು ಪುಸ್ತಕ ಮಾಡಿಸಿ ತಂದ.

"ಅತ್ತೆ, ಇದಿಲ್ಲದೆ ಹಡಗು ಹತ್ತಿಸಲ್ಲ. ಇಲ್ಲಿ ಹೆಬ್ಬೆಟ್ಟು ಒತ್ತಿ" ಅಂದ. ಒತ್ತಿದಳು. ಅವಳ ಮಟ್ಟಿಗೆ ಅದು ಟಿಕೀಟು. ಶಿರಾ ಮಧುಗಿರಿ ಬಸ್ಸಿಗೆ ಬೆರಳಗಲದ ಚೀಟಿ, ಸಮುದ್ರ ದಾಟುವುದಕ್ಕೆ ಪುಸ್ತಕದಷ್ಟು ದೊಡ್ಡದು. ಅದರಲ್ಲಿ ತಪ್ಪೇನು ಕಂಡೀತು ಹೇಳಿ, ಅಕ್ಷರದ ಗಂಧವಿಲ್ಲದ ಜೀವಕ್ಕೆ?

ಊರಿಗೆ ಬಂದವಳೇ ಹಸಿರು ಪುಸ್ತಕವನ್ನು ಟ್ರಂಕಿನ ತಳಕ್ಕೆ ಹಾಕಿ ಮಲಾರ ಹೊತ್ತಳು. ಐವತ್ತೇಳರಲ್ಲಿ ಓಟು ಹಾಕಿದಳು, ಅರವತ್ತೆರಡರಲ್ಲೂ ಹಾಕಿದಳು. ಬೆರಳಿನ ಮಸಿಯನ್ನು ಚಿಕ್ಕಹನುಮಕ್ಕನ ಮುಖಕ್ಕೆ ಹಿಡಿದು, "ನೋಡಕ್ಕ, ಸರ್ಕಾರ ನಂಗೂ ಗೋರಂಟಿ ಹಚ್ಚೈತೆ" ಅಂತ ನಕ್ಕಿದ್ದಳು.

ಅರವತ್ತಮೂರರ ದಸರೆ ಕಳೆದ ಮೇಲೆ ಒಂದು ಬೆಳಗ್ಗೆ ಪೊಲೀಸ್ ಗಂಗಯ್ಯ ಬಂದು ಬಾಗಿಲಲ್ಲಿ ನಿಂತ. ಶಿರಾದವನೇ. ಅವನ ಮದುವೆಯಲ್ಲಿ ಹೆಣ್ಣಿಗೆ ಬಳೆ ತೊಡಿಸಿದವಳು ರಹಮತ್ ಬಿ. ಹೆಂಡತಿಗೆ ಬಳೆ ಬೇಕೇನೋ ಅಂದುಕೊಂಡು ಅವಳು ಮಲಾರಕ್ಕೆ ಕೈ ಹಾಕಿದಳು.

"ಬಳೆ ಬ್ಯಾಡ ಬೂಬಮ್ಮ" ಅಂದ ಗಂಗಯ್ಯ, ನೆಲ ನೋಡುತ್ತ. "ನಿನ್ ಮೇಲೆ ಕಾಗದ ಬಂದೈತೆ. ನೀನು ಪಾಕಿಸ್ತಾನದೋಳಂತೆ. ವೀಸಾ ಮುಗುದ್ರೂ ಇಲ್ಲೇ ಕುಂತಿದೀಯಂತೆ."

"ಯಾರು?"

"ನೀನೇ ಕಣಮ್ಮ."

ರಹಮತ್ ಬಿ ಮೊದಲು ನಕ್ಕಳು. ಎದುರಿನ ಮುಖ ನಗಲಿಲ್ಲ. ಹೊಸಿಲ ಮೇಲೇ ಕೂತಳು. ಅಲ್ಲ, ಹುಟ್ಟಿದ್ದು ಈ ಬೀದಿ, ಅಪ್ಪ ಅಮ್ಮ ಮಲಗಿರುವುದು ಕೆರೆ ಆಚೆಯ ಗೋರಿಗಳಲ್ಲಿ, ಗಂಡನೂ ಅಲ್ಲೇ. ಶಿರಾ ಬಿಟ್ಟು ಅವಳು ಮಲಗಿದ್ದರೆ ಆ ಒಂದು ವರ್ಷ, ಅದೂ ಬಾಣಂತಿಯ ಮಂಚದ ಕೆಳಗೆ. ಪಾಕಿಸ್ತಾನದವಳು ಅಂದರೆ ಏನರ್ಥ?

"ನಾನ್ ಓಟಾಕಿದ್ನಲ್ಲೋ ಗಂಗಯ್ಯ! ನಿನ್ ಮುಂದೇ ಸಾಲಲ್ ನಿಂತಿದ್ನಲ್ಲೋ!"

"ನಾನೇನ್ ಮಾಡ್ಲಿ ತಾಯಿ. ಆ ಹಸಿರು ಪುಸ್ತಕ ಕೊಡು" ಅಂದ ಗಂಗಯ್ಯ.

ಸುದ್ದಿ ದೊಡ್ಡೇರಿಗೆ ಮುಟ್ಟಿದ್ದೇ ಚಿಕ್ಕಹನುಮಕ್ಕ ಮೊದಲ ಬಸ್ಸಿಗೆ ಓಡಿಬಂದಳು. ಬಂದವಳೇ ಪೊಲೀಸರು, ಸರ್ಕಾರ, ಡೆಲ್ಲಿ, ಕರಾಚಿ ಎಲ್ಲಕ್ಕೂ ಮಣ್ಣು ತೂರಿ ಶಾಪ ಹಾಕಿದಳು. "ಇವ್ಳು ಪಾಕಿಸ್ತಾನದೋಳಾದ್ರೆ ನಾನು ಇಂಗ್ಲೆಂಡ್ ರಾಣಿ ಕಣ್ಲಾ!" ಅಂತ ಬೀದಿಯಲ್ಲಿ ನಿಂತು ಕೂಗಿದಳು. ಆಮೇಲೆ ರಹಮತ್ ಬಿಯ ಕೈ ಹಿಡಿದು ಎಳೆದುಕೊಂಡು ಮಧುಗಿರಿಯ ವಕೀಲ ನಂದೀಶ್ವರಯ್ಯನವರ ಮನೆಗೆ ಹೋದಳು. ವಕೀಲರ ಹೆಂಡತಿಯೂ ರಹಮತ್ ಬಿಯ ಗಿರಾಕಿಯೇ. ಫೀಸಿನ ಮಾತೇ ಬರಲಿಲ್ಲ.

ನಂದೀಶ್ವರಯ್ಯನವರು ಎಲ್ಲ ಕೇಳಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನೋಡಮ್ಮ, ಕಾನೂನು ಸಲೀಸು. ಬೇರೆ ದೇಶದ ಪಾಸ್‌ಪೋರ್ಟನ್ನ ನೀನಾಗಿ ಇಷ್ಟಪಟ್ಟು ಮಾಡಿಸಿಕೊಂಡಿದ್ದರೆ ನೀನು ಆ ದೇಶದವಳು. ಬಲವಂತವಾಗಿ, ಮೋಸದಿಂದ ಯಾರಾದರೂ ಮಾಡಿಸಿದ್ದರೆ ನೀನು ನಮ್ಮವಳೇ. ವಿಚಾರಣೆಯಲ್ಲಿ ಒಂದೇ ಮಾತು ಹೇಳು. ನನಗೇನೂ ಗೊತ್ತಿರಲಿಲ್ಲ, ಅಳಿಯ ಏನೂ ತಿಳಿಸದೆ ಹೆಬ್ಬೆಟ್ಟು ಒತ್ತಿಸಿಕೊಂಡ ಅನ್ನು. ಸಾಕು. ಅದರಲ್ಲಿ ಸುಳ್ಳೂ ಇಲ್ಲವಲ್ಲ!"

ರಹಮತ್ ಬಿ ಮೇಜಿನ ಹತ್ತಿರಕ್ಕೆ ಸರಿದಳು.

"ಈ ಮಾತು ಅವ್ನಿಗೆ ತಿಳೀತದಾ ಸಾಮಿ?"

ನಂದೀಶ್ವರಯ್ಯನವರು ಸುಳ್ಳು ಹೇಳುವವರಲ್ಲ. "ತಿಳಿದರೂ ತಿಳೀಬಹುದಮ್ಮ. ಇಂಥ ಕಾಗದ ಎರಡು ಸರ್ಕಾರದ ನಡುವೆ ಓಡಾಡುತ್ತೆ. ಅವನು ಅಲ್ಲಿ ಸರ್ಕಾರಿ ನೌಕರಿಯವನು ಬೇರೆ. ಕರೆದು ಕೇಳಬಹುದು."

ಅಷ್ಟು ಸಾಕಾಯಿತು. ಸೆರಗನ್ನು ಬೆರಳಿಗೆ ಸುತ್ತಿಕೊಂಡು ಕೂತುಬಿಟ್ಟಳು. ಅತ್ತೆಯೇ ಕೋರ್ಟಿನಲ್ಲಿ ಅಳಿಯನನ್ನು ಮೋಸಗಾರ ಅಂದಳು ಅಂತ ಅವನ ಕಿವಿಗೆ ಬಿದ್ದರೆ? ನೌಕರಿಗೇ ಕಲ್ಲು ಬಿದ್ದರೆ? ಆ ಸಿಟ್ಟು ಯಾರ ಮೇಲೆ ಇಳಿದೀತು? ಈ ಸೀಮೆಯ ಹೆಣ್ಣಾಗಿದ್ದರೆ ಗಂಡ ಅಟ್ಟಿದ ದಿನ ಬಸ್ಸು ಹತ್ತಿ ತವರಿಗೆ ಬಂದಾಳು. ಅಮೀರುನ್ನೀಸಾಳನ್ನು ಅಟ್ಟಿದರೆ ಅವಳು ಬರುವುದೆಲ್ಲಿಗೆ? ನಡುವೆ ಸಮುದ್ರ, ಗೆರೆ, ಪೊಲೀಸು. ಕೂಸು ಬೇರೆ ಬಗಲಲ್ಲಿ. ಹತ್ತಾರು ಮನೆಗಳಲ್ಲಿ ಅಟ್ಟಿಸಿಕೊಂಡ ಹೆಣ್ಣುಗಳ ಒಡೆದ ಬಳೆ ಆಯ್ದವಳು ಅವಳು. ಕಣ್ಣಿಗೆ ಅದೇ ಅದೇ ಕಾಣತೊಡಗಿತು.

ಈ ಪೊಲೀಸ್ ಗಲಾಟೆಯನ್ನು ಅವಳು ಮಗಳಿಗೆ ಬರೆಸಲೇ ಇಲ್ಲ. ಹಾಲೂಡಿಸಿ ಬೆಳೆಸಿದ ಜೀವ ಅಷ್ಟು ದೂರದಲ್ಲಿ ಕೂತು ಕೊರಗುವುದು ಬೇಡ ಅಂದಳು. ಮಗಳ ಕಾಗದಗಳಲ್ಲೂ ಆಗೀಗ ಎರಡೇ ಸಾಲು: ನಾವು ಚೆನ್ನಾಗಿದ್ದೇವೆ, ಮಗು ಶಾಲೆಗೆ ಹೋಗುತ್ತಿದೆ.

ವಿಚಾರಣೆಯ ದಿನ ಮಧುಗಿರಿಯ ಸರ್ಕಾರಿ ಕಚೇರಿಯ ಹಜಾರ ಹೆಂಗಸರಿಂದ ತುಂಬಿಹೋಗಿತ್ತು. ದೊಡ್ಡೇರಿಯವರು, ಬಡವನಹಳ್ಳಿಯವರು, ಮಿಡಿಗೇಶಿಯಿಂದ ಒಂದು ಗಾಡಿ. ಎಲ್ಲರ ಕೈಯಲ್ಲೂ ರಹಮತ್ ಬಿ ತೊಡಿಸಿದ ಬಳೆ. ಜವಾನ ಮೂರು ಸಲ "ಸದ್ದು!" ಅಂತ ಗದರಿದ.

ವಿಚಾರಣೆ ಮಾಡಿದ ಸಾಹೇಬರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಬೈದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಅವರು ಹಸಿರು ಪುಸ್ತಕ ಬಿಚ್ಚಿ ತೋರಿಸಿದರು.

"ಈ ಹೆಬ್ಬೆಟ್ಟು ನಿನ್ನದೇನಮ್ಮ?"

"ನಂದೇ ಬುದ್ಧಿ."

"ಯಾರಾದರೂ ಬಲವಂತ ಮಾಡಿದರಾ? ಏನೋ ಹೇಳಿ ಒತ್ತಿಸಿಕೊಂಡರಾ? ಅವಸರ ಬೇಡ, ಯೋಚನೆ ಮಾಡಿ ಹೇಳು. ನಿನ್ನ ಮಾತಿನ ಮೇಲೇ ಎಲ್ಲಾ ನಿಂತಿದೆ."

ನಂದೀಶ್ವರಯ್ಯನವರು ಕೆಮ್ಮಿದರು. ಹಿಂದಿನಿಂದ ಚಿಕ್ಕಹನುಮಕ್ಕ, "ಹೇಳೇ ಬೂಬಮ್ಮ!" ಅಂದದ್ದು ಎಲ್ಲರಿಗೂ ಕೇಳಿಸಿತು.

ರಹಮತ್ ಬಿ ತಲೆಯೆತ್ತಿದಳು. "ನನ್ನಳಿಯ ಬಂಗಾರದಂಥೋನು ಬುದ್ಧಿ. ಯಾರೂ ಬಲವಂತ ಮಾಡ್ಲಿಲ್ಲ, ಯಾರೂ ಮೋಸ ಮಾಡ್ಲಿಲ್ಲ. ಮಗಳ ಬಾಣಂತನಕ್ಕೆ ನಾನೇ ಇಷ್ಟಪಟ್ಟು ಹೋದೆ. ಹೆಬ್ಬೆಟ್ಟೂ ನಾನೇ ಇಷ್ಟಪಟ್ಟು ಒತ್ತಿದೆ."

ಹೆಂಗಸರೆಲ್ಲ ಬಾಯಿಗೆ ಸೆರಗು ಹಿಡಿದರು. ವಕೀಲರು ಎದ್ದವರು ಹಾಗೇ ಕೂತರು. ಸಾಹೇಬರೂ ಪೆನ್ನು ಕೆಳಗಿಟ್ಟು, "ಇನ್ನೊಂದು ಸಲ ಕೇಳ್ತೀನಮ್ಮ" ಅಂದರು. ಇನ್ನೊಂದು ಸಲವೂ ಅದೇ ಮಾತು. ಬರೆದುಕೊಂಡರು.

ಒಂದು ತಿಂಗಳಲ್ಲಿ ದೇಶ ಬಿಡಬೇಕು ಅಂತ ಆಜ್ಞೆಯಾಯಿತು. ಅಬ್ಬಾ! ಅರವತ್ತು ಹತ್ತಿರವಾದ ಮುದುಕಿ, ಒಂದು ಹೊರೆ ಗಾಜಿನ ಬಳೆ ಬಿಟ್ಟರೆ ಬೇರೆ ಆಸ್ತಿಯಿಲ್ಲ. ಅವಳಿಂದ ಯಾವ ದೇಶಕ್ಕೆ ಏನು ಕೇಡಾಗುತ್ತಿತ್ತೋ ದೇವರಿಗೇ ಗೊತ್ತು.

ಹೊರಡುವ ದಿನ ಶಿರಾ ಬಸ್ ನಿಲ್ದಾಣದಲ್ಲಿ ಚಿಕ್ಕಹನುಮಕ್ಕ ಅಳಲಿಲ್ಲ, ರೇಗಿದಳು. "ನಿನ್ ನಾಲ್ಗೆ ಸೇದೋಗ! ಒಂದು ಮಾತು ಅಂದಿದ್ರೆ ಇಲ್ಲೇ ಇರ್ತಿದ್ಯಲ್ಲೇ! ಅಂಗ್ಯಾಕಂದೆ?"

"ಮಗಳ್ ಮನೆ ಉಳೀಬೇಕಲ್ಲಕ್ಕ" ಅಂದಳು ರಹಮತ್ ಬಿ ಮೆಲ್ಲಗೆ. "ನನ್ ಮಾತಿಗೆ ಅವ್ನು ಅವ್ಳನ್ನ ಬುಟ್ಬುಟ್ರೆ ಅವ್ಳೆಲ್ಲಿಗೆ ಹೋಗ್ತಾಳೆ? ನನಗೇನು, ಇನ್ನೆಷ್ಟ್ ದಿನ. ಅವ್ಳ ಕೈತುಂಬ ಬಳೆ ಇರ್ಲಿ, ಅದೇ ಸಾಕು."

ರಹಮತ್ ಬಿ ಮಲಾರವನ್ನು ಹೆಗಲಿಂದ ಇಳಿಸಿ ಗೆಳತಿಯ ಹೆಗಲಿಗೇರಿಸಿದಳು. ಮಗಳಿಗೆಂದು ಎರಡು ಡಜನ್ ಹಸಿರು ಬಳೆ ಮಾತ್ರ ಬಿಚ್ಚಿ ಇಟ್ಟುಕೊಂಡಳು. ಮಗಳ ಕೈ ಅಳತೆ ಅವಳಿಗೆ ಕಣ್ಣು ಮುಚ್ಚಿದರೂ ಗೊತ್ತು. ಬಸ್ಸು ಹೊರಟಾಗ ಚಿಕ್ಕಹನುಮಕ್ಕ ಬಳೆಯ ಹೊರೆ ಹೊತ್ತು ಧೂಳಿನಲ್ಲಿ ನಿಂತೇ ಇದ್ದಳು.

ಬೊಂಬಾಯಿಯ ತನಕ ಜೊತೆಗೆ ಹೋದವನು ಗಂಗಯ್ಯನೇ. ಹಡಗಿನ ಮೆಟ್ಟಿಲ ಹತ್ತಿರ ಅವಳ ಗಂಟು ಎತ್ತಿಕೊಟ್ಟು, ಸುತ್ತಮುತ್ತ ನೋಡಿ, ಟೋಪಿ ತೆಗೆದು ಕಾಲಿಗೆ ಬಿದ್ದ. "ನನ್ನ ಮೇಲೆ ಬೇಜಾರು ಮಾಡ್ಕಬ್ಯಾಡ ಕಣಮ್ಮ" ಅಂದ.

ಬರುವ ಹಡಗು ಯಾವುದೆಂದಷ್ಟೇ ಮೇಷ್ಟ್ರು ಮಗಳಿಗೆ ತಂತಿ ಕೊಟ್ಟಿದ್ದರು. ಹಡಗಿನಲ್ಲಿ ಅವಳು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಹೋಗಲಿ, ಮಗಳ ಮುಖ ಕಾಣುತ್ತೆ. ಮೊಮ್ಮಗಳಿಗೆ ಎಂಟು ವರ್ಷ, ತಲೆ ಬಾಚಬಹುದು. ಅಳಿಯನ ಮುಂದೆ ತಲೆಯೆತ್ತಿ ನಿಲ್ಲಬಹುದು, ನಿನ್ನ ಹೆಸರಿಗೆ ಒಂದು ಚುಕ್ಕೆ ತಾಗಲು ಬಿಡಲಿಲ್ಲಪ್ಪ ಅಂತ. ಊರು ಹೋದರೂ ಮಗಳ ಸಂಸಾರ ಉಳಿಯಿತು. ಹೀಗೆ ಅಂದುಕೊಂಡಾಗಲೆಲ್ಲ ಗಂಟಿನೊಳಗಿನ ಬಳೆ ಒಡೆದಿಲ್ಲ ತಾನೇ ಅಂತ ಮುಟ್ಟಿ ನೋಡುತ್ತಿದ್ದಳು.

ಕರಾಚಿಯ ಹಡಗುಕಟ್ಟೆಯಲ್ಲಿ ಬರುವವರನ್ನು ಕಾಯುವ ಜನ ಕಬ್ಬಿಣದ ಕಂಬಿಯ ಆಚೆ ನಿಂತಿದ್ದರು. ಬುರುಕಿಯೊಳಗೆ ಮುಖಗಳು ಕಾಣುತ್ತಿರಲಿಲ್ಲ, ಕಂಬಿ ಹಿಡಿದ ಕೈಗಳು ಮಾತ್ರ ಕಾಣುತ್ತಿದ್ದವು. ಅದು ಅವಳಿಗೆ ಕಷ್ಟವೇ? ಅಭ್ಯಾಸದಂತೆ ಒಂದೊಂದೇ ಕೈ ನೋಡುತ್ತ ನಡೆದಳು. ಕೆಂಪು ಬಳೆ, ಇವಳಲ್ಲ. ಚಿನ್ನದ ಬಣ್ಣದ್ದು, ಇವಳಲ್ಲ, ಕೈ ದಪ್ಪ. ಒಂದು ಬರಿಗೈ. ಯಾರೋ ಪಾಪ ಅಂದುಕೊಂಡು ದಾಟಿ ಮುಂದೆ ಹೋದಳು. ನೀಲಿ ಬಳೆ, ಎಳೇ ಹುಡುಗಿ. ಸಾಲು ಮುಗಿಯಿತು.

"ಅಮ್ಮಾ!"

ಹಿಂದಿನಿಂದ ಕೂಗಿತು. ತಿರುಗಿದಳು. ದಾಟಿ ಬಂದಿದ್ದ ಆ ಬರಿಗೈ ಕಂಬಿಯ ನಡುವಿನಿಂದ ಅವಳ ಕಡೆ ಚಾಚಿತ್ತು. ಪಕ್ಕದಲ್ಲಿ ಎಂಟು ವರ್ಷದ ಹುಡುಗಿ.

ರಹಮತ್ ಬಿ ಕಂಬಿಯ ಹತ್ತಿರ ಬಂದಳು. ಮಗಳ ಮುಖ ನೋಡಲು ಧೈರ್ಯವಾಗಲಿಲ್ಲ. ಆ ಮಣಿಕಟ್ಟನ್ನೇ ನೋಡಿದಳು. ಬಳೆಯಿದ್ದ ಕಡೆ ಚರ್ಮ ಬೆಳ್ಳಗೆ ಉಳಿಯುತ್ತಲ್ಲ, ಆ ಗುರುತೂ ಮಾಸಿಹೋಗಿತ್ತು. ನಿನ್ನೆ ಮೊನ್ನೆ ಕಳಚಿದ್ದಲ್ಲ ಇದು.

"ಯಾವಾಗ?" ಅಂದಳು.

"ಹೋದ ಬಕ್ರೀದಿನ ಹಿಂದಿನ ವಾರ ಅಮ್ಮಾ. ವರ್ಕ್‌ಶಾಪಿನಲ್ಲಿ ಕಬ್ಬಿಣ ಬಿತ್ತು."

ಹೋದ ಬಕ್ರೀದು. ಗಂಗಯ್ಯ ಬಾಗಿಲಿಗೆ ಬಂದದ್ದು ದಸರೆ ಆದಮೇಲೆ. ಮಧುಗಿರಿಯಲ್ಲಿ ಸಾಹೇಬರು ಎರಡು ಸಲ ಕೇಳಿದ್ದು ಅದಕ್ಕೂ ಆಮೇಲೆ. ಅವಳು ಹೆಸರು ಉಳಿಸಿದ ಅಳಿಯ ಅಷ್ಟು ಹೊತ್ತಿಗೆ ಮಣ್ಣಿನಲ್ಲಿ ಮಲಗಿ ತಿಂಗಳುಗಳೇ ಆಗಿದ್ದವು. ಯಾರಿಗೂ ಕೇಡಿರಲಿಲ್ಲ. ಯಾವ ಸಂಸಾರವೂ ಒಡೆಯುತ್ತಿರಲಿಲ್ಲ. ಒಂದು ಮಾತು, ಅದೂ ನಿಜವಾದ ಮಾತು, ಆಡಿದ್ದರೆ ಅವಳು ಇವತ್ತು ದೊಡ್ಡೇರಿಯ ಜಗಲಿಯ ಮೇಲಿರುತ್ತಿದ್ದಳು.

"ನಂಗ್ಯಾಕ್ ಹೇಳ್ಲಿಲ್ವೇ? ಒಂದ್ ಕಾಗ್ದ ಹಾಕ್ಬಾರ್ದಿತ್ತೇನೇ?" ಅಂತ ಕಂಬಿ ಹಿಡಿದು ಚೀರಿದಳು. ಸುತ್ತ ನಿಂತ ಜನ ತಿರುಗಿ ನೋಡಿದರು. ಗಂಟು ಕೈಯಿಂದ ಜಾರಿ ಕಲ್ಲಿನ ಮೇಲೆ ಬಿದ್ದಿತ್ತು.

ಅಮೀರುನ್ನೀಸಾ ಕಂಬಿಯೊಳಗಿಂದ ಎರಡೂ ಕೈ ಚಾಚಿ ತಾಯಿಯ ಮುಖ ಹಿಡಿದುಕೊಂಡಳು.

"ಹೇಳಿದ್ರೆ ನೀನು ಓಡಿ ಬಂದುಬಿಡ್ತಿದ್ದೆ ಅಮ್ಮಾ. ಹೋದ ಸಲ ಬಂದಾಗ ವಾಪಸ್ ಹೋಗೋಕೆ ಎಷ್ಟು ಪಾಡು ಪಟ್ಟೆ. ನನಗಂತೂ ಊರಿಲ್ಲ. ನೀನಾದ್ರೂ ಊರಲ್ಲಿರ್ಲಿ ಅಂತ ಮುಚ್ಚಿಟ್ಟೆ."